ಬೇಕಿದ್ದವರು ಕೈ ಎತ್ತಿ

ದಡ್ಡತನಕ್ಕೆ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಕೂರಿಸಿದರೆ ಹೇಗಿರುತ್ತದೆ ಎಂದು ನೋಡಬೇಕಿದ್ದರೆ, ಯಾವುದಾದರೂ ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಹೋಗುವ ವ್ಯಸನಮುಕ್ತಿ ಕೇಂದ್ರಕ್ಕೆ ಬರಬೇಕು. ಟಿಕೆಟ್ಟಿಲ್ಲ. ನಾನು ಏಳು ತಿಂಗಳು ಪುಕ್ಕಟೆ ನೋಡಿದ್ದೇನೆ.

ನಾನು ದೊಡ್ಡಾಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ವಾರದಲ್ಲಿ ಐದು ದಿನ ಅಲ್ಲಿ ಊರವರ ರಕ್ತ ತೆಗೆಯುತ್ತೇನೆ, ಬುಧವಾರ ಮಾತ್ರ ಒಂದು ಪೆಟ್ಟಿಗೆ ಹಿಡಿದುಕೊಂಡು ಈ ಕೇಂದ್ರಕ್ಕೆ ಬರುತ್ತೇನೆ. ಇಲ್ಲಿ ಮೂವತ್ತೆಂಟು ಗಂಡಸರಿದ್ದಾರೆ. ಬಹುಪಾಲು ಎಲ್ಲರೂ ಮಾದಕವಸ್ತುವನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಿದ್ದವರು, ಅದೂ ಒಂದೇ ಸೂಜಿಯನ್ನು ಮೂರು ನಾಲ್ಕು ಜನ. ಹಾಗಾಗಿ ಇಲ್ಲಿಗೆ ಸೇರಿದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಬೇಕೇ ಎಂದು ಕೇಳಲೇಬೇಕು, ಬೇಕೆಂದವರಿಗೆ ಅಲ್ಲೇ ಮಾಡಬೇಕು ಎಂದು ಮೇಲಿನಿಂದ ಆದೇಶ ಬಂತು. ಬೆರಳ ತುದಿಯ ಒಂದು ಹನಿ, ಇಪ್ಪತ್ತು ನಿಮಿಷ. ಒಳ್ಳೆಯ ಆದೇಶ. ಯಾರೋ ಪುಣ್ಯಾತ್ಮರು ಯೋಚಿಸಿ ಬರೆದದ್ದು. ಅದು ಬಂದು ಬಿದ್ದದ್ದು ಮಾತ್ರ ಈ ಜನರ ಕೈಗೆ.

ಬುಧವಾರ ಬೆಳಿಗ್ಗೆ ಎಲ್ಲರೂ ಹಾಲಿನಲ್ಲಿ ಕುರ್ಚಿ ಹಾಕಿಕೊಂಡು ದುಂಡಗೆ ಕೂರುತ್ತಾರೆ. ನಡುವೆ ಆಪ್ತಸಮಾಲೋಚಕಿ ನಿಲ್ಲುತ್ತಾರೆ. ಆಕೆಗೆ ನಾನು ಮನಸ್ಸಿನಲ್ಲೇ ಜೇನಮ್ಮ ಎಂದು ಹೆಸರಿಟ್ಟಿದ್ದೆ. ಯಾರದೋ ಮನೆಗೆ ಬೆಂಕಿ ಬಿದ್ದಿದೆ ಎಂಬ ಸುದ್ದಿಯನ್ನೂ ಆಕೆ ಅದೇ ಸಿಹಿ ದನಿಯಲ್ಲಿ ಹೇಳಬಲ್ಲರು. ಕೈಯಲ್ಲೊಂದು ಪಟ್ಟಿ.

"ಕಂಬಳಿ ಒಗೆಯೋಕೆ ಹಾಕೋರು ಕೈ ಎತ್ತಿ. ಹನ್ನೊಂದು. ಹೇರ್‌ಕಟ್ ಬೇಕಿದ್ದವರು? ಆರು. ಬಾತ್‌ರೂಮಿನ ನಲ್ಲಿ ತೆರೆದಿಟ್ಟು ಬಂದವರು ಯಾರು? ಯಾರೂ ಇಲ್ಲ, ಸರಿ. ಎಚ್‌ಐವಿ ಪರೀಕ್ಷೆ ಬೇಕಿದ್ದವರು ಕೈ ಎತ್ತಿ."

ಮೂವತ್ತೆಂಟು ಜನರ ನಡುವೆ, ಹೇರ್‌ಕಟ್ಟಿನ ಬೆನ್ನಿಗೇ. ಆಕೆ ಮನಸ್ಸಿನಲ್ಲೇ ಮೂರು ಎಣಿಸುತ್ತಿದ್ದರು. ಕೈಗಳೆಲ್ಲ ತೊಡೆಗಳ ಕೆಳಗೆ ಸೇರಿರುತ್ತಿದ್ದವು. "ಯಾರೂ ಇಲ್ಲ. ಒಳ್ಳೇದು," ಎಂದು ನಕ್ಕು ಮುಂದಕ್ಕೆ ಹೋಗುತ್ತಿದ್ದರು. ಆ 'ಒಳ್ಳೇದು' ಇದೆಯಲ್ಲ, ಅದನ್ನು ಕೇಳಿದ ಮೇಲೆ ಮುಂದಿನ ವಾರ ಕೈ ಎತ್ತುವ ಧೈರ್ಯ ಯಾವ ಗಂಡಿಗೆ ಬರಬೇಕು?

ಅಷ್ಟೂ ಸಾಲದೆಂದು, ನನಗೆ ಕೊಟ್ಟ ಕೋಣೆ ಊಟದ ಹಾಲಿನ ಕೊನೆಯಲ್ಲಿತ್ತು. ಮುಂಚೆ ಅಲ್ಲಿ ಮುರಿದ ಕುರ್ಚಿಗಳನ್ನು ತುಂಬಿದ್ದರು. ಬಾಗಿಲ ಮೇಲೆ 'ಎಚ್‌ಐವಿ ಪರೀಕ್ಷಾ ಕೊಠಡಿ' ಎಂದು ಕೆಂಪಕ್ಷರದಲ್ಲಿ, ರಸ್ತೆಯಾಚೆಯಿಂದಲೂ ಓದಬಹುದಾದಷ್ಟು ದೊಡ್ಡದಾಗಿ ಬರೆಸಿದ್ದರು. ಒಳಗೆ ಬರಬೇಕೆಂದರೆ ಉಣ್ಣುತ್ತ ಕೂತ ಎಲ್ಲರ ಮುಂದೆ ಹಾದು ಬರಬೇಕು. ಬೋರ್ಡಿನ ಖರ್ಚಿಗೆ ಹೆಮ್ಮೆಯಿಂದ ಒಪ್ಪಿಗೆ ಕೊಟ್ಟವರು ಇಲ್ಲಿನ ಆಡಳಿತಾಧಿಕಾರಿ. ಅವರ ಅಂಗಿಯ ತೋಳಿನ ಇಸ್ತ್ರಿ ಗೆರೆಯಿಂದ ಕಾಗದ ಕತ್ತರಿಸಬಹುದು. ರೋಗಿಗಳೇ ಅವರನ್ನು ಇಸ್ತ್ರಿ ಸಾಹೇಬರು ಎನ್ನುತ್ತಾರೆ, ಅವರಿಗೂ ಅದು ಗೊತ್ತು, ಅದನ್ನವರು ಹೊಗಳಿಕೆ ಎಂದುಕೊಂಡಿದ್ದಾರೆ.

ಇಸ್ತ್ರಿ ಸಾಹೇಬರು ಪರೀಕ್ಷೆ ಬೇಡ ಎಂದು ಬರೆದುಕೊಡುವ ಫಾರಂಗಳನ್ನು ಕಟ್ಟುಗಟ್ಟಲೆ ಅಚ್ಚು ಹಾಕಿಸಿದ್ದರು. ಬೇಕು ಎಂದು ಬರೆದುಕೊಡುವ ಫಾರಂ ಒಂದನ್ನೂ ಹಾಕಿಸಿರಲಿಲ್ಲ. ನಾನು ಮೊದಲ ವಾರವೇ ಕೇಳಿದ್ದೆ. "ಯಾರಾದ್ರೂ ಕೇಳಿದಾಗ ಹಾಕ್ಸಿದ್ರಾಯ್ತು ಬಿಡಿ," ಎಂದಿದ್ದರು. ಪ್ರತಿ ತಿಂಗಳು ಅವರು ಮೇಲಕ್ಕೆ ಕಳಿಸುತ್ತಿದ್ದ ವರದಿಯಲ್ಲಿ ಎಲ್ಲರಿಗೂ ಅವಕಾಶ ನೀಡಲಾಯಿತು, ಯಾರಿಗೂ ಅಗತ್ಯ ಕಂಡುಬರಲಿಲ್ಲ ಎಂದಿರುತ್ತಿತ್ತು. ಮೇಲಿನವರು ಒಮ್ಮೆ ಮೆಚ್ಚುಗೆಯ ಪತ್ರ ಬರೆದರು. ಅದಕ್ಕೆ ಗಾಜು ಹಾಕಿಸಿ ಗೋಡೆಗೆ ನೇತುಹಾಕಿಕೊಂಡಿದ್ದಾರೆ.

ನಾನೇನು ಮಾಡುತ್ತಿದ್ದೆ? ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಪತ್ರಿಕೆಯ ಪದಬಂಧ ತುಂಬಿ, ಎರಡು ಸಲ ಚಹಾ ಕುಡಿದು, ನಾಲ್ಕು ಗಂಟೆಗೆ ಪೆಟ್ಟಿಗೆಯನ್ನು ಹಾಗೆಯೇ ಎತ್ತಿಕೊಂಡು ಮನೆಗೆ ಹೋಗುತ್ತಿದ್ದೆ. ಸಂಜೆ ಹೆಂಡತಿಗೆ ಜೇನಮ್ಮನ ಹಾಗೆ ಮಾತಾಡಿ ತೋರಿಸಿ ನಗಿಸುತ್ತಿದ್ದೆ. ರೋಗಿಗಳ ಮೇಲೂ ನನಗೆ ಅಷ್ಟೇ ತಾತ್ಸಾರ. ಚರಂಡಿಯ ಪಕ್ಕ ಕೂತು ಕಂಡವರ ಸೂಜಿ ಚುಚ್ಚಿಕೊಳ್ಳಲು ನಾಚದವನು ಒಂದು ಹನಿ ರಕ್ತ ಕೊಡಲು ನಾಚುತ್ತಾನೆ ಎಂದರೆ ಅವನ ಹಣೆಬರಹ ಎಂದುಕೊಳ್ಳುತ್ತಿದ್ದೆ. ಇಡೀ ಕಟ್ಟಡದಲ್ಲಿ ತಲೆ ನೆಟ್ಟಗಿರುವುದು ನನ್ನೊಬ್ಬನದೇ ಎಂದು ನನಗೆ ಖಾತ್ರಿಯಿತ್ತು.

ಎಂಟನೆಯ ತಿಂಗಳ ಮೊದಲ ಬುಧವಾರ ಒಂದು ಕೈ ಮೇಲೆದ್ದಿತು.

ಜೇನಮ್ಮ ಆಗಲೇ ಪಟ್ಟಿಯ ಮುಂದಿನ ಸಾಲಿಗೆ ಹೋಗಿದ್ದರು. ಕೈ ಕಂಡು, "ಹೇರ್‌ಕಟ್ಟಾ? ಅದು ಆಗ್ಲೇ ಮುಗೀತಲ್ಲಪ್ಪಾ," ಎಂದರು.

"ಹೇರ್‌ಕಟ್ಟಲ್ಲ ಮೇಡಂ. ಈಗ ಕೇಳಿದ್ರಲ್ಲ, ಅದು."

ಕೈ ಎತ್ತಿದವನು ಟೈಲರ್. ಕೇಂದ್ರಕ್ಕೆ ಸೇರಿ ಐದು ವಾರವಾಗಿತ್ತು. ಮೂವತ್ತು ದಾಟಿದ ವಯಸ್ಸು, ಸಣ್ಣ ಮೈ, ಉದ್ದ ಬೆರಳು. ಸೂಟು ಹೊಲಿಯುವುದರಲ್ಲಿ ಹೆಸರು ಮಾಡಿದ್ದವನು, ಆಮೇಲೆ ನಾಲ್ಕು ವರ್ಷ ಮೈಯನ್ನೇ ಹೊಲಿದುಕೊಂಡ. ಅವನ ಎಡಬಲದ ಕುರ್ಚಿಗಳು ಕಿರ್ರೆಂದು ಸರಿದವು. ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು.

"ಯಾಕಪ್ಪಾ, ನಿಂಗೇನಾದ್ರೂ ಅನುಮಾನ ಇದೆಯಾ?" ಜೇನಮ್ಮ ಅದೇ ಸಿಹಿ ದನಿಯಲ್ಲಿ, ಅಷ್ಟು ಜನರ ಮುಂದೆ ಕೇಳಿದರು.

"ಇಲ್ಲ, ಸುಮ್ನೆ."

"ಸುಮ್ನೆ ಯಾರಾದ್ರೂ ಮಾಡಿಸ್ಕೋತಾರಾ? ಹೇಳು, ಇಲ್ಲಿರೋರೆಲ್ಲ ನಮ್ಮೋರೇ ತಾನೆ."

ನಮ್ಮವರೆಲ್ಲ ಅಷ್ಟು ಹೊತ್ತಿಗೆ ಅವನಿಂದ ಎರಡಡಿ ದೂರ ಸರಿದಾಗಿತ್ತು. ಅವನು ಕೈಯನ್ನು ನಿಧಾನವಾಗಿ ಇಳಿಸಿ, ಅದು ತನ್ನದಲ್ಲವೆಂಬಂತೆ ಪಕ್ಕದಲ್ಲಿಟ್ಟುಕೊಂಡ. ಜೇನಮ್ಮನಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ, ಏಕೆಂದರೆ ಆಕೆಯ ಪಟ್ಟಿಯಲ್ಲಿ ಅದಕ್ಕೊಂದು ಸಾಲೇ ಇರಲಿಲ್ಲ. ಸೀದಾ ಸಾಹೇಬರ ಕೋಣೆಗೆ ಹೋದರು. ಐದು ನಿಮಿಷಕ್ಕೆ ನನಗೂ ಕರೆ ಬಂತು.

ಇಸ್ತ್ರಿ ಸಾಹೇಬರು ಮೇಜಿನ ಮೇಲೆ ಒಂದು ಫೈಲು ಬಿಚ್ಚಿಟ್ಟುಕೊಂಡು ತಲೆ ಹಿಡಿದುಕೊಂಡಿದ್ದರು. "ನೋಡ್ರೀ, ಏಳು ತಿಂಗಳಿಂದ ಒಂದು ಕೇಸೂ ಇಲ್ಲ. ಈಗ ಒಬ್ಬನಿಗೆ ಮಾಡಿದ್ರೆ, ಇಷ್ಟು ದಿನ ಯಾಕೆ ಮಾಡ್ಲಿಲ್ಲ ಅಂತ ಕೇಳಲ್ವಾ ಮೇಲಿನೋರು?"

"ಕೇಳ್ತಾರೆ. ಕೇಳ್ಲಿ ಬಿಡಿ," ಎಂದೆ.

"ಅದೂ ಅಲ್ದೆ, ಇವನು ಸೇರಿದ ದಿನವೇ ಬೇಡ ಅಂತ ಸಹಿ ಹಾಕಿದಾನೆ. ಇಲ್ಲಿದೆ ನೋಡಿ."

ನೋಡಿದೆ. ಸೇರುವ ದಿನ ಅವರು ಯಾವ ಸ್ಥಿತಿಯಲ್ಲಿರುತ್ತಾರೆ ಎಂದು ನೋಡಿದವರಿಗೇ ಗೊತ್ತು. ಮೈ ನಡುಕ, ವಾಂತಿ, ಮೂಗಲ್ಲಿ ಕಣ್ಣಲ್ಲಿ ನೀರು. ಔಷಧ ಬೇಕೆಂದರೆ ಐದು ಕಾಗದಗಳಿಗೆ ಸಹಿ ಹಾಕಬೇಕು, ಐದನೆಯದು ಇದು. ಆ ಹೊತ್ತಿನಲ್ಲಿ ತನ್ನ ಮನೆಯನ್ನೇ ಬರೆದುಕೊಡು ಎಂದಿದ್ದರೂ ಬರೆದುಕೊಡುತ್ತಿದ್ದ. ಶಾಯಿಯಲ್ಲಿ ಬಿದ್ದ ಇರುವೆ ಕಾಗದದ ಮೇಲೆ ನಡೆದು ಹೋದ ಹಾಗಿತ್ತು ಆ ಸಹಿ.

"ಒಪ್ಪಿಗೆ ಫಾರಂ ಪ್ರಿಂಟಿಗೆ ಕಳಿಸ್ತೀನಿ," ಎಂದರು ಸಾಹೇಬರು. "ಮುಂದಿನ ಬುಧವಾರ ನೋಡೋಣ."

"ಇದಕ್ಕೆ ಬೇಕಾಗಿರೋದು ಒಂದು ಹನಿ ರಕ್ತ ಸಾರ್, ಪ್ರಿಂಟಿಂಗ್ ಪ್ರೆಸ್ಸಲ್ಲ. ಬಿಳಿ ಹಾಳೆ ಮೇಲೆ ಬರೆಸ್ಕೊಂಡ್ರೂ ನಡೆಯುತ್ತೆ."

"ನಿಮ್ಮ ಕಿಟ್ ರಿಜಿಸ್ಟರಿಗೆ ಫಾರಂ ನಂಬರ್ ಬೇಕು ತಾನೆ? ನಾಳೆ ಆಡಿಟ್‌ನಲ್ಲಿ ನೀವೇ ಸಿಕ್ಕಿ ಬೀಳ್ತೀರ."

ನಾನು ತೆಪ್ಪಗಾದೆ. ಬಾಯಿ ಮಾಡುವುದರಲ್ಲಿ ನಾನು ಶೂರ, ಅಲ್ಲಿಗೇ ಮುಗಿಯಿತು. ಹೊರಗೆ ಬಂದಾಗ ಟೈಲರ್ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. "ಬರೋ ಬುಧವಾರ," ಎಂದೆ. ಅವನು ತಲೆಯಾಡಿಸಿ ಹೋದ. ಅವತ್ತು ಸಂಜೆ ಮನೆಯಲ್ಲಿ ಆ ಹೇರ್‌ಕಟ್ಟಿನ ಮಾತನ್ನು ಎರಡು ಸಲ ಹೇಳಿ ನಗಿಸಿದೆ.

ಆ ಒಂದು ವಾರದಲ್ಲಿ ಏನೇನಾಯಿತು ಎಂದು ಮುಂದಿನ ಬುಧವಾರ ಅಡುಗೆಯವಳು ಚಹಾ ತಂದುಕೊಟ್ಟು ಹೇಳಿದಳು. ಟೈಲರ್ ಮಲಗುವ ಕೋಣೆಯಲ್ಲಿದ್ದ ಮೂವರು ಹಾಸಿಗೆ ಎತ್ತಿಕೊಂಡು ಬೇರೆ ಕಡೆ ಹೋದರಂತೆ. ಅವನ ತಟ್ಟೆಗೆ ಯಾರೋ ಮೊಳೆಯಲ್ಲಿ ಗೀರಿ ಗುರುತು ಮಾಡಿದರಂತೆ. ಬಚ್ಚಲಿನಲ್ಲಿ ಅವನು ಮುಟ್ಟಿದ ಮಗ್ಗನ್ನು ಕಿಟಕಿಯಿಂದಾಚೆ ಎಸೆದರಂತೆ. ತಟ್ಟೆಯಿಂದ, ಮಗ್ಗಿನಿಂದ ಅದು ಅಂಟುವುದಿಲ್ಲ ಎಂದು ಗೋಡೆಯ ಮೇಲೆ ಚಿತ್ರಸಮೇತ ಬರೆದಿದೆ. ಓದುವವರಾರು? ಒಬ್ಬನ ರಕ್ತವಿದ್ದ ಸೂಜಿಯನ್ನು ಇನ್ನೊಬ್ಬ ಕೈ ಚಾಚಿ ಇಸಿದುಕೊಂಡ ಈ ವೀರರಿಗೆ ಮಗ್ಗು ಕಂಡರೆ ಜೀವಭಯ.

ಅಷ್ಟರಲ್ಲಿ ಸಾಹೇಬರೇ ಬಂದು ಹೊಸ ಫಾರಂಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. ನುಣುಪು ಕಾಗದ, ನಾಲ್ಕು ಬಣ್ಣ. ಹಿಂದೆಯೇ ಜೇನಮ್ಮ ಬಂದರು. "ಅವನು ಬೇಡ ಅಂತಿದಾನೆ. ಕೂತು ಮಾತಾಡಿದ್ಮೇಲೆ ಅವನಿಗೇ ಅರ್ಥ ಆಯ್ತು." ಆಕೆಯ ಕೈಯಲ್ಲಿ ಟೈಲರ್ ಸಹಿ ಮಾಡಿದ ಇನ್ನೊಂದು 'ಬೇಡ' ಫಾರಂ ಇತ್ತು. ಈ ಸಲ ಕೈ ನಡುಗಿರಲಿಲ್ಲ. ಇಬ್ಬರ ಮುಖದಲ್ಲೂ ದೊಡ್ಡ ಗಂಡಾಂತರ ದಾಟಿದ ನೆಮ್ಮದಿಯಿತ್ತು.

ನಾನೂ ಅದನ್ನು ಅಲ್ಲಿಗೇ ಬಿಟ್ಟು ಪದಬಂಧಕ್ಕೆ ಹೋಗುತ್ತಿದ್ದೆನೇನೋ. ಆದರೆ ಅವತ್ತು ಮಧ್ಯಾಹ್ನ ಅವನ ಹೆಂಡತಿಯನ್ನು ನೋಡಿದೆ.

ಮನೆಯವರು ಬಂದು ಹೋಗಲು ಬುಧವಾರ ಒಂದು ಗಂಟೆಯಿಂದ ಮೂರರವರೆಗೆ ಬಿಡುತ್ತಾರೆ. ಕಾಯುವವರಿಗಿರುವ ಒಂದೇ ಬೆಂಚು ನನ್ನ ಬಾಗಿಲ ಪಕ್ಕದಲ್ಲಿದೆ. ಅಲ್ಲಿ ಒಬ್ಬಳು ತುಂಬು ಬಸುರಿ ಎರಡು ಕೈಯನ್ನೂ ಬೆಂಚಿಗೆ ಊರಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ನನ್ನ ಬಿಳಿ ಕೋಟು ನೋಡಿ ಡಾಕ್ಟರೆಂದುಕೊಂಡಳು.

"ಡಾಕ್ಟ್ರೇ, ನಮ್ಮನೆಯವ್ರು ಟೈಲರ್. ಊಟ ಸರಿಯಾಗಿ ಮಾಡ್ತಿದಾರಾ? ಭುಜ ನೋಡಿದ್ರೆ ಎರಡಿಂಚು ಇಳಿದಿದೆ."

ಡಾಕ್ಟರಲ್ಲ ಎಂದೆ. ಎಷ್ಟು ತಿಂಗಳು ಎಂದು ಕೇಳಿದೆ. ಇನ್ನು ಏಳು ವಾರ ಎಂದಳು.

ಒಳಗೆ ಬಂದು ಕೂತೆ. ಪದಬಂಧದ ಒಂದು ಮನೆಯೂ ತುಂಬಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟು. ಅವನಿಗೆ ಇದ್ದರೆ ಅವಳಿಗೂ ಬಂದಿರಬಹುದು. ಈಗಲೇ ತಿಳಿದರೆ ಅವಳಿಗೆ ಇವತ್ತಿನಿಂದಲೇ ಮಾತ್ರೆ ಶುರು ಮಾಡಬಹುದು, ಹುಟ್ಟಿದ ಕೂಡಲೇ ಮಗುವಿಗೂ ಔಷಧ ಕೊಡಬಹುದು, ಮಗು ಅದಿಲ್ಲದೆ ಬೆಳೆಯುವ ಸಾಧ್ಯತೆಯೇ ಹೆಚ್ಚು. ತಿಳಿಯದೆ ಹೆರಿಗೆಯಾದರೆ ಆ ಮಗುವಿನ ಅದೃಷ್ಟ ಒಂದೇ ಗತಿ. ಏಳು ವಾರ. ಆಗಲೇ ಒಂದು ವಾರವನ್ನು ನಾವು ನಾಲ್ಕು ಬಣ್ಣದಲ್ಲಿ ಅಚ್ಚು ಹಾಕಿಸಿ ಕಳೆದಿದ್ದೆವು. ಅವಳಿಗೆ ನೇರವಾಗಿ ಹೇಳೋಣವೆಂದರೆ ಅವನ ಗುಟ್ಟು ಬಿಟ್ಟುಕೊಡುವ ಹಕ್ಕು ನನಗಿಲ್ಲ. ಅವನೇ ಬೆರಳು ಕೊಡಬೇಕು.

ಮೂರನೆಯ ಬುಧವಾರ ಬರುವಾಗ ಮನೆಯಲ್ಲೇ ಕೋಟಿನ ಎರಡು ಗುಂಡಿ ಕಿತ್ತು ಜೇಬಿಗೆ ಹಾಕಿಕೊಂಡೆ. ಹೆಂಡತಿಯ ಡಬ್ಬಿಯಿಂದ ಸೂಜಿ ದಾರ ತೆಗೆದುಕೊಂಡೆ. ಇದಕ್ಕೂ ಕಾರಣವಿದೆ. ಚುಚ್ಚಿಕೊಳ್ಳುವ ಚಟದವರ ಕೈಗೆ ಸೂಜಿ ಸಿಗಬಾರದೆಂದು ಇಸ್ತ್ರಿ ಸಾಹೇಬರು ಹೊಲಿಗೆ ಸೂಜಿಯನ್ನೂ ನಿಷೇಧಿಸಿದ್ದಾರೆ. ಊರಿನ ಒಳ್ಳೆಯ ದರ್ಜಿಯೊಬ್ಬ ಒಳಗಿದ್ದೂ, ಮೂವತ್ತೆಂಟು ಜನ ಗುಂಡಿಯಿಲ್ಲದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಾರೆ.

ಊಟಕ್ಕೆ ಇನ್ನೊಂದು ಗಂಟೆಯಿರುವಾಗ ಬಾಗಿಲಲ್ಲಿ ನಿಂತು ಹಾಲಿಗೆಲ್ಲ ಕೇಳುವಂತೆ ಕೂಗಿದೆ. "ಟೈಲರ್, ಕೋಟಿನ ಗುಂಡಿ ಕಿತ್ತೋಗಿದೆ. ಬಾ ಇಲ್ಲಿ, ಹಾಕ್ಕೊಡು."

ಬಂದ. ಬಾಗಿಲು ಹಾಕಿದೆ. ಸೂಜಿ ಕೊಟ್ಟಾಗ ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕ. ಒಂದೇ ಸಲಕ್ಕೆ ದಾರ ಪೋಣಿಸಿದ.

ಅವನು ಹೊಲಿಯುತ್ತಿದ್ದಂತೆ ನಾನು ಶುರು ಮಾಡಿದೆ. ಸಮಾಧಾನದ ಮಾತು ನನಗೆ ಬರುವುದಿಲ್ಲ. "ಕೈ ಎತ್ತೋವಷ್ಟು ಗಂಡಸುತನ ಇತ್ತಲ್ಲ, ಒಂದು ವಾರದಲ್ಲಿ ಎಲ್ಲಿ ಹೋಯ್ತು? ಒಂದು ತಟ್ಟೆ ಮೇಲೆ ಗೀರಿದ್ದಕ್ಕೆ ಹೆದರಿ ಕೂತ್ಯಾ?"

"ಅವ್ಳಿಗೆ ಮೂರನೇ ತಿಂಗ್ಳಲ್ಲಿ ಮಾಡಿಸಿದಾರೆ ಸಾರ್. ಏನೂ ಇಲ್ಲ ಅಂತ ಬಂದಿದೆ."

"ಮೂರನೇ ತಿಂಗಳಲ್ಲಿ. ಆಮೇಲೆ?"

ಅವನು ಮೊದಲ ಗುಂಡಿಯ ದಾರಕ್ಕೆ ಗಂಟು ಹಾಕಿದ.

"ಯಾಕೆ ಕೈ ಎತ್ತಿದೆ ಅವತ್ತು?"

"ನನ್ ಜೊತೆ ಒಬ್ಬ ಎಲೆಕ್ಟ್ರಿಷಿಯನ್ ಇದ್ದ. ಇಲ್ಲಿಗೆ ಸೇರೋ ಹಿಂದಿನ ದಿನದವರೆಗೂ ಇಬ್ರದೂ ಒಂದೇ ಸೂಜಿ. ಅವನು ಹೋದ್ನಂತೆ. ಏನಾಗಿ ಹೋದ ಅಂತ ಅವನ ತಮ್ಮ ಬಂದು ಹೇಳ್ದ." ಎರಡನೆಯ ಗುಂಡಿಯನ್ನು ಕೋಟಿನ ಮೇಲಿಟ್ಟು ಸರಿ ನೋಡಿದ. "ಅವತ್ತೇನೋ ಗೊತ್ತಾಗ್ಲಿ ಅನ್ನಿಸ್ತು. ಈಗ ಅನ್ನಿಸಲ್ಲ. ಗೊತ್ತಾಗದಿದ್ರೆ ಇನ್ನೂ ಇಲ್ಲ ಅಂದ್ಕೊಂಡಿರಬಹುದಲ್ಲ."

"ಅಪ್ಪಟ ಹೇಡಿ ಕಣಯ್ಯಾ ನೀನು," ಎಂದೆ. "ಇರೋ ವಿಷ್ಯ ಕಣ್ಮುಚ್ಚಿಕೊಂಡ್ರೆ ಹೋಗುತ್ತಾ? ಎಂಥಾ ತಲೆ ನಿಮ್ಮದೆಲ್ಲ."

ಅವನು ಸಿಟ್ಟಾಗಲಿಲ್ಲ. ಸೂಜಿಯನ್ನು ಎರಡು ಸಲ ಆಚೀಚೆ ಎಳೆದು ಕೇಳಿದ. "ನೀವು ಯಾವಾಗ ಮಾಡಿಸ್ಕೊಂಡ್ರಿ ಸಾರ್? ದಿನಾ ರಕ್ತದಲ್ಲೇ ಕೆಲ್ಸ ಮಾಡ್ತೀರಲ್ಲ."

"ಹೋದ ವರ್ಷ. ಏನೂ ಇಲ್ಲ ಅಂತ ಬಂತು."

ಅವನು ದಾರವನ್ನು ಹಲ್ಲಿನಲ್ಲಿ ಕಡಿದ. "ನಾಲ್ಕು ವರ್ಷ ಮನೇಲಿ ಬರೀ ಸುಳ್ಳು ಹೇಳ್ಕೊಂಡೇ ಬದುಕಿದೋನು ಸಾರ್ ನಾನು. ಸುಳ್ಳು ಹೇಳೋವಾಗ ಕಣ್ಣು ಎಲ್ಲಿಗೆ ಓಡುತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು."

ಎದ್ದು ಹೋಗು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಹೊರಗೆ ಬೆಂಚಿನ ಮೇಲೆ ಆಗಲೇ ಯಾರೋ ಬಂದು ಕೂತ ಸದ್ದಾಗಿತ್ತು, ಹೊತ್ತಿಗೆ ಮೊದಲೇ ಬಂದು ಕಾಯುವವಳು ಅವನ ಹೆಂಡತಿಯೊಬ್ಬಳೇ ಎಂದು ಇಬ್ಬರಿಗೂ ತಿಳಿದಿತ್ತು. ಹನ್ನೊಂದು ವರ್ಷದಿಂದ ಯಾರಿಗೂ ಹೇಳದಿದ್ದದ್ದನ್ನು ಗುಂಡಿ ಹೊಲಿಯುವವನಿಗೆ ಹೇಳಿದೆ.

ದೊಡ್ಡಾಸ್ಪತ್ರೆಯ ಎಮರ್ಜೆನ್ಸಿ ವಾರ್ಡು. ಒಬ್ಬ ರೋಗಿಯ ರಕ್ತ ತೆಗೆದು ಸೂಜಿ ಬಿಸಾಡುವಾಗ ಅದು ಕೈಗವಸು ಹರಿದು ನನ್ನ ಹೆಬ್ಬೆರಳಿಗೆ ಇಳಿಯಿತು. ಅವನಿಗೆ ಎಚ್‌ಐವಿ ಇದೆಯೆಂದು ಕೇಸ್ ಶೀಟಿನಲ್ಲಿ ಬರೆದಿತ್ತು. ತಕ್ಷಣ ಮೇಲಿನವರಿಗೆ ತಿಳಿಸಬೇಕು, ಗಂಟೆಗಳೊಳಗೆ ಮಾತ್ರೆ ಶುರು ಮಾಡಬೇಕು, ಆಮೇಲೆ ಪರೀಕ್ಷೆ. ಹೊಸದಾಗಿ ಸೇರುವ ಹುಡುಗಿಯರಿಗೆ ಅದನ್ನೆಲ್ಲ ಪಾಠ ಮಾಡುವವನೇ ನಾನು. ಆದರೆ ಹೇಳಿದರೆ ಚಹಾ ಹೊತ್ತಿಗೆ ಇಡೀ ಲ್ಯಾಬಿಗೆ ಗೊತ್ತಾಗುತ್ತಿತ್ತು. ನನ್ನ ಲೋಟವನ್ನು ಬೇರೆ ಇಡುತ್ತಿದ್ದರು. ಹೆಬ್ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದುಕೊಂಡೆ, ಮನೆಗೆ ಹೋಗಿ ಉಂಡು ಮಲಗಿದೆ. ಹೆಂಡತಿಗೂ ಹೇಳಲಿಲ್ಲ. ಅವಳಿಂದ ದೂರವೂ ಇರಲಿಲ್ಲ, ಯಾಕೆ ಎಂದು ಕೇಳುತ್ತಾಳಲ್ಲ ಎಂದು. ಆಮೇಲೆ ಪ್ರತಿ ಸಲ ನೆಗಡಿ ಬಂದಾಗಲೂ ಎದೆ ಝಲ್ಲೆನ್ನುತ್ತಿತ್ತು, ಅವಳಿಗೆ ಬಂದಾಗ ಇನ್ನೂ ಹೆಚ್ಚು. ಕಿಟ್ಟುಗಳು ಕೈಯಲ್ಲೇ ಇದ್ದವು. ಸಾವಿರಾರು ಜನರ ಬೆರಳು ಚುಚ್ಚಿದೆ, ನನ್ನ ಹತ್ತು ಬೆರಳನ್ನು ಬಿಟ್ಟು.

ಟೈಲರ್ ಎಲ್ಲ ಕೇಳಿ ಕೋಟನ್ನು ಮಡಚಿ ಮೇಜಿನ ಮೇಲಿಟ್ಟ. "ಹಾಗಿದ್ರೆ ನನ್ನೇ ಯಾಕೆ ಬೈತೀರ ಸಾರ್," ಎಂದ. ಮೆತ್ತಗೇ ಹೇಳಿದ. ಆಮೇಲೆ ಅವನೇ, "ನೀವು ಮಾಡಿಸ್ಕೊಳ್ಳಿ. ನಾನೂ ಕೊಡ್ತೀನಿ. ನೀವು ಮೊದ್ಲು," ಎಂದ.

ಹೊಸ ಫಾರಂ ತೆಗೆದು ಅವನಿಂದ ಸಹಿ ಹಾಕಿಸಿದೆ. ಎರಡು ಕಿಟ್ ಬಿಚ್ಚಿದೆ. ನನ್ನ ಬೆರಳನ್ನು ನಾನೇ ಚುಚ್ಚಿಕೊಂಡೆ, ಎರಡು ಸಲ ಗುರಿ ತಪ್ಪಿತು. ಅವನದು ಒಂದೇ ಸಲಕ್ಕೆ ಆಯಿತು. ಎರಡು ಕಿಟ್ಟಿನ ಪಟ್ಟಿಗಳನ್ನೂ ನನ್ನ ಕಡೆ ತಿರುಗಿಸಿ, ಅವನಿಗೆ ಕಾಣದಂತೆ ಪೆಟ್ಟಿಗೆಯ ಮುಚ್ಚಳದ ಮರೆಯಲ್ಲಿಟ್ಟೆ. ಅದು ನಿಯಮ. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇರಬಹುದು.

ಕಾದೆವು. ಕೋಟಿನ ಗುಂಡಿಗೆ ನಾಲ್ಕು ಸುತ್ತು ದಾರ ಸಾಲದು, ಕೆಳಗೆ ದಾರ ಸುತ್ತಿ ಒಂದು ಕುತ್ತಿಗೆ ಕಟ್ಟಬೇಕು, ಇಲ್ಲದಿದ್ದರೆ ಬಟ್ಟೆ ಸುಕ್ಕಾಗುತ್ತದೆ ಎಂದು ಅವನು ಹೇಳಿದ. ಮಗುವಿಗೆ ಇನ್ನೂ ಏನೂ ಹೊಲಿದಿಲ್ಲ, ಇಲ್ಲಿ ಸೂಜಿ ಕೊಡುವುದಿಲ್ಲವಲ್ಲ ಎಂದೂ ಹೇಳಿದ. ಹೊರಗೆ ತಟ್ಟೆಗಳ ಸದ್ದು ಶುರುವಾಯಿತು. ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷವಾಯಿತು. ಮುಚ್ಚಳದ ಹಿಂದೆ ಬಗ್ಗಿದೆ.

ಮೊದಲು ನೋಡಿದ್ದು ನನ್ನದನ್ನು. ಒಂದೇ ಗೆರೆ.

ಹನ್ನೊಂದು ವರ್ಷ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ನಾನು ನಕ್ಕೆ. ನಗಬೇಕೆಂದು ನಕ್ಕದ್ದಲ್ಲ, ಮುಖ ತಾನಾಗಿ ಅರಳಿತು, ಬಾಯಿ ಕಿವಿಯವರೆಗೆ ಹೋಯಿತು. ಹಾಗೆಯೇ ತಲೆ ಎತ್ತಿದೆ.

ಟೈಲರ್ ನನ್ನ ಮುಖವನ್ನೇ ನೋಡುತ್ತಿದ್ದ. "ಇಲ್ಲ ತಾನೆ ಸಾರ್?" ಎಂದ. ಎದ್ದು ನಿಂತ. ನನ್ನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡ. "ಇಲ್ಲ ಅಲ್ವಾ? ಗೊತ್ತಾಯ್ತು ಬಿಡಿ, ನಿಮ್ಮ ಮುಖ ನೋಡಿದ್ರೇ ಗೊತ್ತಾಯ್ತು. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ಅವನ ಪಟ್ಟಿಯನ್ನು ನಾನಿನ್ನೂ ನೋಡಿಯೇ ಇರಲಿಲ್ಲ. ಕೈ ಅವನ ಹಿಡಿತದಲ್ಲಿರುವಾಗಲೇ ಕಣ್ಣು ಹಾಯಿಸಿದೆ. ಎರಡು ಗೆರೆ. ಮಸುಕೂ ಅಲ್ಲ, ಅಡ್ಡಾದಿಡ್ಡಿಯೂ ಅಲ್ಲ. ಸ್ಕೇಲಿಟ್ಟು ಎಳೆದ ಹಾಗೆ.

ಇಸ್ತ್ರಿ ಸಾಹೇಬರು ಮಾಡಿದ್ದಕ್ಕೆ, ಜೇನಮ್ಮ ಮಾಡಿದ್ದಕ್ಕೆ ಹೆಸರಿಟ್ಟು ನಕ್ಕೆನಲ್ಲ, ಇಪ್ಪತ್ತು ವರ್ಷ ಈ ಕೆಲಸ ಮಾಡಿದ ನಾನು ಆ ಕ್ಷಣ ಮಾಡಿದ್ದಕ್ಕೆ ಇಡಲು ಹೆಸರು ಸಿಗುತ್ತಿಲ್ಲ. ನನಗೆ ನನ್ನ ಮೇಲೆ ಹುಟ್ಟಿದ ಅಸಹ್ಯದಷ್ಟು ಅಸಹ್ಯ ಯಾರ ಮೇಲೂ ಎಂದೂ ಹುಟ್ಟಿರಲಿಲ್ಲ.

"ಕೂತ್ಕೋ," ಎಂದೆ. "ನಾನು ನಕ್ಕಿದ್ದು ನಂದು ನೋಡಿ."

ಅವನು ನನ್ನ ಕೈ ಬಿಟ್ಟ. ಆಮೇಲೆ ಕೂತ.

ಒಂದೇ ಕಿಟ್ಟಿನ ಮಾತನ್ನು ನಂಬಬಾರದು, ಇನ್ನೆರಡು ಬೇರೆ ಕಂಪನಿಯ ಕಿಟ್‌ಗಳಲ್ಲಿ ನೋಡಬೇಕು ಎಂದು ಹೇಳಿದೆ. ನೋಡಿದೆ. ಮತ್ತೆ ಕಾದೆವು, ಈ ಸಲ ಗುಂಡಿಯ ಮಾತು ಬರಲಿಲ್ಲ. ಎರಡರಲ್ಲೂ ಅದೇ ಉತ್ತರ. ಮಾತ್ರೆಯಿದೆ, ತಪ್ಪದೆ ತೆಗೆದುಕೊಂಡರೆ ಎಲ್ಲರ ಹಾಗೆ ಬದುಕಬಹುದು, ಹೊಲಿಯಬಹುದು, ಮುದುಕನಾಗಬಹುದು ಎಂದೆಲ್ಲ ಹೇಳಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ. ನನ್ನ ಮಾತು ಮುಗಿಯುವ ಮೊದಲೇ, "ಅವ್ಳಿಗೆ ಇನ್ನು ಆರು ವಾರ. ಸಾಕಾಗುತ್ತಾ ಸಾರ್?" ಎಂದ.

"ಅವಳಿಗೂ ಬಂದಿದ್ರೆ, ಇವತ್ತೇ ಶುರು ಮಾಡಿದ್ರೆ ಮಗೂಗೆ ಬರದ ಹಾಗೆ ನೋಡ್ಕೋಬಹುದು. ಬಂದಿಲ್ಲದಿದ್ರೆ ಮುಂದೆ ಬರದ ಹಾಗೆ. ಎರಡಕ್ಕೂ ಇವತ್ತೇ ಗೊತ್ತಾಗ್ಬೇಕು."

"ನೀವು ಹೇಳ್ತೀರಾ?"

"ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿರ್ತೀನಿ. ಬೇಕಿದ್ರೆ ಎಲ್ರೂ ಉಂಡು ಎದ್ದು ಹೋದ್ಮೇಲೆ ಕರೆಯೋಣ, ಯಾರೂ ನೋಡಲ್ಲ."

ಅವನು ಆಗಲೇ ಎದ್ದು ಬಾಗಿಲನ್ನು ಪೂರ್ತಿ ತೆರೆದ. ಹಾಲಿನಲ್ಲಿ ಎಲ್ಲರೂ ತಟ್ಟೆಯ ಮುಂದೆ ಕೂತಿದ್ದರು. ಅವನು ಆ ಕೆಂಪಕ್ಷರದ ಕೆಳಗೆ ನಿಂತದ್ದು ಕಂಡು ಚಮಚಗಳ ಸದ್ದು ನಿಂತಿತು. ಜೇನಮ್ಮ ಕೈಯಲ್ಲಿ ಲೋಟ ಹಿಡಿದವರು ಹಾಗೆಯೇ ನಿಂತರು. ಅವನು ಯಾರ ಕಡೆಗೂ ನೋಡದೆ ಬೆಂಚಿನ ಕಡೆ ತಿರುಗಿದ.

"ಒಳಗೆ ಬಾ," ಎಂದ.

ಅವಳು ಗಂಡನ ಮುಖ ನೋಡಿದಳು, ಬೋರ್ಡು ನೋಡಿದಳು. ಒಂದು ಕೈ ಗೋಡೆಗೆ ಊರಿ, ಇನ್ನೊಂದನ್ನು ಸೊಂಟಕ್ಕಿಟ್ಟು ಎದ್ದಳು. ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಅವನು ಬಾಗಿಲು ಹಾಕಿ, ಅವಳ ಮುಂದೆ ನೆಲದ ಮೇಲೆ ಕೂತು, ಎಲ್ಲವನ್ನೂ ಹೇಳಿದ. ಸುತ್ತಿ ಬಳಸಿ ಹೇಳಲಿಲ್ಲ. ನಾಲ್ಕು ವರ್ಷದಲ್ಲಿ ಅವನು ಅವಳಿಗೆ ಹೇಳಿದ ಮೊದಲ ನಿಜ ಅದೇ ಇರಬೇಕು. ಅವಳು ಅಳಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಅವನ ತಲೆಯನ್ನು ನೋಡುತ್ತ ಕೂತಿದ್ದಳು.

ಆಮೇಲೆ ಅವಳ ಕಣ್ಣು ಮೇಜಿನ ಮೇಲಿದ್ದ ಪಟ್ಟಿಗಳ ಕಡೆ ಹೋಯಿತು. ಮೂರು ಒಂದು ಕಡೆ, ಒಂದು ಬೇರೆ.

"ಇದೊಂದು ಯಾರದು?"

"ನನ್ನದು," ಎಂದೆ. "ಹನ್ನೊಂದು ವರ್ಷದ ಹಿಂದೆ ಸೂಜಿ ಚುಚ್ಚಿತ್ತು. ಇವತ್ತು ಮಾಡಿಸ್ಕೊಂಡೆ. ಏನೂ ಇಲ್ಲ."

"ನಿಮ್ಮನೆಯವ್ರಿಗೆ ಗೊತ್ತಾ?"

"ಇಲ್ಲ."

"ಹನ್ನೊಂದು ವರ್ಷ ಹೇಳಿಲ್ಲ?"

"ಇಲ್ಲ."

ಅವಳು ನನ್ನನ್ನು ನೋಡಿದಳು. ಆ ನೋಟ ನನಗೆ ಹೊಸದಲ್ಲ. ಏಳು ತಿಂಗಳು ನಾನು ಈ ಬಾಗಿಲಲ್ಲಿ ನಿಂತು ಎಲ್ಲರನ್ನೂ ನೋಡುತ್ತಿದ್ದದ್ದು ಹಾಗೆಯೇ. ಗಂಡನನ್ನು ಕೂಡ ಅವಳು ಹಾಗೆ ನೋಡಿರಲಿಲ್ಲ. ನಾನು ತಲೆ ತಗ್ಗಿಸಿ ಹೊಸ ಕೈಗವಸು ಹಾಕಿಕೊಂಡೆ.

"ಬೇಗ ಮಾಡಿ," ಎಂದು ಅವಳು ಕೈಯನ್ನು ಮೇಜಿನ ಮೇಲೆ ಚಾಚಿದಳು.